ಬೋಂಡ ಊಟ ಬಿಟ್ಟಾಗ

ಬ್ಲಾಗ್ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. "ಎಲ್ಲಿ ಹೋದ್ರಿ ಸಾರ್, ಬರೆಯೋದೇ ಬಿಟ್ರಾ?" ಅಂತ ಇಬ್ಬರು ಮೂವರು ಮೇಲ್ ಮಾಡಿ ಕೇಳಿದ್ರಿ. ಆಫೀಸಲ್ಲಿ ರಿಲೀಸ್ ಇತ್ತು ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ನಿಜ ಏನಂದ್ರೆ ಮನೇಲಿ ಒಂದು ಹಲ್ಲಿ ಊಟ ಬಿಟ್ಟಿತ್ತು. ಇದನ್ನ ಹೇಳಿದ್ರೆ ಜನ ನಗ್ತಾರೆ.. ನಕ್ಕಿದ್ದಾರೆ ಕೂಡ. ನೀವೂ ನಗೋದಿದ್ರೆ ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ :-)

ನಾನಿರೋದು ಮಿನ್ನೆಸೋಟದಲ್ಲಿ. 2024ರ ಅಕ್ಟೋಬರ್‌ನಲ್ಲಿ ನನ್ನ ರೂಮ್‌ಮೇಟಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ತು. ಸೋಫಾ, ಟಿವಿ, ಪ್ರೆಶರ್ ಕುಕ್ಕರ್ ಎಲ್ಲಾ ಯಾರ್ಯಾರಿಗೋ ಹಂಚಿದ. ಉಳಿದಿದ್ದು ಒಂದು ಗಾಜಿನ ತೊಟ್ಟಿ, ಅದರೊಳಗೆ ಒಂದು ಲೆಪರ್ಡ್ ಗೆಕೊ. "ನೀನೇ ಇಟ್ಕೋ ಮಗಾ, ಏನೂ ಕಷ್ಟ ಇಲ್ಲ, ಬಿಗಿನರ್ ಪೆಟ್ ಅಂತಾರೆ ಇದಕ್ಕೆ" ಅಂದ. ಅವನ ಬಾಲ ಬೋಂಡದ ಹಾಗೆ ಉಬ್ಬಿಕೊಂಡಿರೋದ್ರಿಂದ ನಾವು ಅವನನ್ನ ಬೋಂಡ ಅಂತಿದ್ವಿ. (ಗಂಡು. ಮೊದಮೊದಲು ನಾನು "ಅದು" ಅಂತಲೇ ಅಂತಿದ್ದೆ. "ಅವನು" ಯಾವಾಗ ಆದ ಅಂತ ನನಗೇ ಗೊತ್ತಾಗಲಿಲ್ಲ.)

ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದಾಗ ಅವಳು ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಏನೋ ಅದು, ಹಲ್ಲಿನಾ? ಇಲ್ಲಿ ಪೊರಕೆ ತಗೊಂಡು ಓಡಿಸ್ತೀವಿ, ನೀನು ಅಲ್ಲಿ ಗಾಜಿನ ಮನೆ ಕಟ್ಟಿ ಸಾಕ್ತೀಯೇನೋ?" ನಮ್ಮ ಮನೇಲಿ ಹಲ್ಲಿ ಅಂದ್ರೆ ಪಂಚಾಂಗದ ವಿಷಯ. ಹೆಗಲ ಮೇಲೆ ಬಿದ್ರೆ ಏನು, ತಲೆ ಮೇಲೆ ಬಿದ್ರೆ ಏನು ಅಂತ ಫಲ ನೋಡ್ತಾರೆ. ಮಾತಾಡುವಾಗ ಲೊಚಗುಟ್ಟಿದ್ರೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಅಂತಾರೆ. ಅದಕ್ಕೆ ಹಸಿವು ಆಗತ್ತೆ, ಕಾಯಿಲೆ ಆಗತ್ತೆ ಅಂತ ನಾವ್ಯಾರೂ ಯೋಚಿಸಿದ್ದೇ ಇಲ್ಲ.

ಇದು ನಮ್ಮ ಗೋಡೆ ಹಲ್ಲಿ ಅಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುಬೆಟ್ಟಗಳ ಪ್ರಾಣಿ. ಎಡ್ವರ್ಡ್ ಬ್ಲೈತ್ ಅನ್ನೋರು 1854ರಲ್ಲೇ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಿದ್ದಾರೆ. ಗೋಡೆ ಹತ್ತಲ್ಲ, ಬೆರಳಲ್ಲಿ ಅಂಟೋ ಪಟ್ಟಿ ಇಲ್ಲ. ಕಣ್ಣಿಗೆ ರೆಪ್ಪೆ ಇದೆ, ನಮ್ಮ ಹಾಗೇ ಮುಚ್ಚಿ ನಿದ್ದೆ ಮಾಡತ್ತೆ. ಸರಿಯಾಗಿ ನೋಡಿಕೊಂಡ್ರೆ ಹದಿನೈದು ಇಪ್ಪತ್ತು ವರ್ಷ ಬದುಕತ್ತೆ. ಅಂದ್ರೆ ನನ್ನ ಮದುವೆ ಆಗಿ, ಮಕ್ಕಳಾಗಿ, ಅವರು ಸ್ಕೂಲಿಗೆ ಹೋಗೋವರೆಗೂ ಬೋಂಡ ಇರಬಹುದು. ತಗೊಳ್ಳುವಾಗ ಈ ಲೆಕ್ಕ ಹಾಕಿರಲಿಲ್ಲ.

ಹೋಗೋಕೆ ಮುಂಚೆ ರೂಮ್‌ಮೇಟ್ ಒಂದು ಒಳ್ಳೆ ಕೆಲಸ ಮಾಡಿದ್ದ. ಬೋಂಡನ ತೂಕ ಬರೆದಿಡೋ ಒಂದು ಸ್ಪ್ರೆಡ್‌ಶೀಟ್ ಕೊಟ್ಟಿದ್ದ. ಕೊನೇ ಸಾಲು: 64 ಗ್ರಾಂ. ನಾನು ಅದನ್ನ ಎರಡು ತಿಂಗಳು ತೆಗೆದೇ ನೋಡಲಿಲ್ಲ.

ನಾನು ಮಾಡಿದ್ದು ಬೇರೆ ಕೆಲಸ. ತೊಟ್ಟಿಯ ನೆಲಕ್ಕೆ ಅವನು ಬರೀ ಟೈಲ್ಸ್ ಹಾಸಿದ್ದ. ನೋಡೋಕೆ ಬಚ್ಚಲುಮನೆ ತರ ಇತ್ತು. ಪಾಪ ಮರುಭೂಮಿ ಪ್ರಾಣಿ, ಟೈಲ್ಸ್ ಮೇಲೆ ಬದುಕಬೇಕಾ ಅಂತ ಅನ್ನಿಸಿ, ಟೈಲ್ಸ್ ಕಿತ್ತು ಮೂರಿಂಚು ಮರಳು ಮಣ್ಣು ಬೆರೆಸಿ ಹಾಕಿದೆ. ಕಲ್ಲು ಜೋಡಿಸಿ ಒಂದು ಗುಹೆ ಮಾಡಿದೆ. ಒಂದು ಒಣ ಕೊಂಬೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಲೈಕುಗಳೂ ಬಂದವು.

ನವೆಂಬರ್ ಕೊನೇಲಿ ಬೋಂಡ ತಿನ್ನೋದು ನಿಲ್ಲಿಸಿದ.

ಮೊದಲು ನಾನು ಗಾಬರಿ ಆಗಲಿಲ್ಲ. ಎಲ್ಲರೂ ಹೇಳೋದು ಒಂದೇ ಮಾತು: ಚಳಿಗಾಲ, ಗೆಕೊಗಳು ಕಮ್ಮಿ ತಿನ್ನತ್ವೆ, ಬಾಲದಲ್ಲಿ ಕೊಬ್ಬು ಇರತ್ತೆ, ವಾರಗಟ್ಟಲೆ ಉಪವಾಸ ಇರಬಲ್ಲವು. ಸುಳ್ಳಲ್ಲ ಇದು. ದಷ್ಟಪುಷ್ಟವಾಗಿರೋ ದೊಡ್ಡ ಗೆಕೊ ಪೊರೆ ಬಿಡುವಾಗ ತಿನ್ನಲ್ಲ, ಬೆದೆಗಾಲದಲ್ಲಿ ತಿನ್ನಲ್ಲ, ಹೊಸ ಜಾಗಕ್ಕೆ ಬಂದಾಗ ತಿನ್ನಲ್ಲ. ಆದ್ರೆ ಆ ಮಾತಿನ ಇನ್ನರ್ಧ ಯಾರೂ ಹೇಳಲ್ಲ: ತಿನ್ನದೇ ಇದ್ರೂ ತೂಕ ಹಾಗೇ ಇರಬೇಕು. ತಿನ್ನದೇ ಇರೋದು ಒಂದು ವಿಷಯ, ತಿನ್ನದೆ ಇಳೀತಾ ಹೋಗೋದು ಬೇರೆ ವಿಷಯ. ನಾನು ತೂಕ ನೋಡದೇ ಇದ್ದಿದ್ದಕ್ಕೆ ಮೊದಲನೇ ಅರ್ಧ ನನಗೆ ತುಂಬಾ ಅನುಕೂಲವಾಗಿತ್ತು, ಅಷ್ಟೆ.

ಡಿಸೆಂಬರ್ ಮಧ್ಯದಲ್ಲಿ ಒಂದು ರಾತ್ರಿ ಕೈಗೆ ತಗೊಂಡಾಗ ಬೆನ್ನುಮೂಳೆ ಬೆರಳಿಗೆ ಸಿಕ್ತು. ಅಡುಗೆಮನೆ ತಕ್ಕಡಿ ತಂದು, ಡಬ್ಬಿಯಲ್ಲಿ ಕೂರಿಸಿ ತೂಗಿದೆ. 58 ಗ್ರಾಂ. (ಆ ತಕ್ಕಡಿ ಈಗ ಬೋಂಡನದ್ದೇ. ಹಲ್ಲಿ ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಇರತ್ತೆ, ಅಡುಗೆಗೆ ಬೇರೆ ತಕ್ಕಡಿ ತಗೊಂಡಿದ್ದೀನಿ. ಅಮ್ಮ ಓದ್ತಿದ್ರೆ, ನಿಶ್ಚಿಂತೆಯಾಗಿರು.)

ಅಲ್ಲಿಂದ ನಾನು ಏನು ಮಾಡಿದೆ ಅನ್ನೋದೇ ಈ ಬರಹದ ವಿಷಯ. ನಾನು ಮೆನು ಬದಲಾಯಿಸಿದೆ.

ಹೌದು. ನಮ್ಮಲ್ಲಿ ಯಾರಾದ್ರೂ ಊಟ ಮಾಡ್ತಿಲ್ಲ ಅಂದ್ರೆ ಮೊದಲು ಹೊಳೆಯೋದು ಅದೇ ತಾನೆ? ಉಪ್ಪಿಟ್ಟು ಬೇಡ್ವಾ, ದೋಸೆ ಹಾಕ್ಲಾ? ದೋಸೆ ಬೇಡ್ವಾ, ಮೊಸರನ್ನ ಕಲಸ್ಲಾ? ಮೀಲ್‌ವರ್ಮ್ ತಿನ್ನಲ್ವಾ, ಕ್ರಿಕೆಟ್ ತಂದೆ (ಆಟ ಅಲ್ಲ, ಹುಳ. ನಮ್ಮ ಜೀರುಂಡೆ ಅನ್ನಿ). ರಾತ್ರಿ ಪೂರ್ತಿ ತೊಟ್ಟಿಯಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಬೋಂಡ ಒಂದನ್ನೂ ತಿಂದಿಲ್ಲ, ಒಂದು ಕ್ರಿಕೆಟ್ ಮಾತ್ರ ಅವನ ಕಾಲಿನ ಬೆರಳನ್ನ ಕಚ್ಚಿಕೊಂಡು ಕೂತಿದೆ. ಆಮೇಲೆ ಡುಬಿಯಾ ಜಿರಳೆ ತರಿಸಿದೆ. ದುಡ್ಡು ಕೊಟ್ಟು ಜಿರಳೆ ಮನೆಗೆ ತರಿಸಿದ ವಿಷಯ ಅಮ್ಮನಿಗೆ ಇವತ್ತಿನವರೆಗೂ ಗೊತ್ತಿಲ್ಲ. (ಅಯ್ಯೋ, ಈಗ ಗೊತ್ತಾಯ್ತು.) ಕೊನೆಗೆ ವ್ಯಾಕ್ಸ್‌ವರ್ಮ್. ಬೆಣ್ಣೆ ಉಂಡೆ ತರ ಇರೋ ಹುಳ, ಬರೀ ಕೊಬ್ಬು. ಗೆಕೊಗಳಿಗೆ ಅದು ಜಾಮೂನು ಇದ್ದ ಹಾಗೆ, ಒಮ್ಮೆ ರುಚಿ ಹತ್ತಿದ್ರೆ ಬೇರೆ ಮುಟ್ಟಲ್ಲ ಅಂತಾರೆ. ಬೋಂಡ ಅದನ್ನೂ ಮೂಸಿ ನೋಡಿ ಮುಖ ತಿರುಗಿಸಿದ.

"ಬಾಯಿ ಬಿಡಿಸಿ ಹಾಕೋ" ಅಂದಳು ಅಮ್ಮ. ಅಷ್ಟು ಹೊತ್ತಿಗೆ ಅವಳಿಗೂ ಬೋಂಡನ ಚಿಂತೆ ಶುರುವಾಗಿತ್ತು. "ನೀನು ಚಿಕ್ಕವನಿದ್ದಾಗ ಹಾಗೇ ತಿನ್ನಿಸಿದ್ದು. ಕೈಕಾಲು ಹಿಡ್ಕೊಂಡು."

ಕ್ರಿಸ್ಮಸ್ ರಜೆಯಲ್ಲಿ ಅದನ್ನೂ ಮಾಡಿದೆ. ಒಂದು ಪ್ಲಾಸ್ಟಿಕ್ ಕಾರ್ಡನ್ನ ಸಣ್ಣಗೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ, ಬಾಯಿಯ ಸಂದಿಗೆ ಇಟ್ಟು ತೆರೆಸಿ ಎರಡು ವ್ಯಾಕ್ಸ್‌ವರ್ಮ್ ಒಳಗೆ ತಳ್ಳಿದೆ. ಬೋಂಡ ಯಾವತ್ತೂ ಕೂಗದವನು ಆವತ್ತು ಕೂಗಿದ. ಬಾಗಿಲು ಕಿರುಗುಟ್ಟಿದ ಹಾಗಿತ್ತು ದನಿ. ಒಳಗೆ ಹೋಯ್ತಲ್ಲ ಅಂತ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮಾರನೇ ದಿನ ಬೆಳಿಗ್ಗೆ ಎರಡೂ ಹುಳ ಹಾಗೇ ಹೊರಗೆ ಬಿದ್ದಿದ್ವು. ಒಂಚೂರೂ ಅರಗಿರಲಿಲ್ಲ. ಜೊತೆಗೆ ಸ್ವಲ್ಪ ಲೋಳೆ. ಅವನು ಗುಹೆಯ ಮೂಲೆಗೆ ಸೇರಿ ನನ್ನ ಕೈ ಕಂಡ್ರೆ ಹಿಂದಕ್ಕೆ ಸರೀತಿದ್ದ.

ಆ ನಿದ್ದೆ ಬಂದಿದ್ದು ನನಗೆ, ಅರಗಬೇಕಾಗಿದ್ದು ಅವನಿಗೆ. ನಾವು ಬಲವಂತವಾಗಿ ಉಣ್ಣಿಸೋದು ಎಷ್ಟೋ ಸಲ ನಮ್ಮ ಗಾಬರಿಗೆ ಔಷಧಿ, ತಿನ್ನೋ ಪ್ರಾಣಿಗಲ್ಲ. ಇದು ನನ್ನ ಅಭಿಪ್ರಾಯ, ಜಗಳ ಆಡೋರು ಆಡಬಹುದು.

ಜನವರಿ ಮೊದಲ ವಾರ 53 ಗ್ರಾಂ. 64ರಿಂದ 53, ಅಂದ್ರೆ ಹನ್ನೊಂದು ಗ್ರಾಂ. ಎರಡು ಬಾದಾಮಿಯೋ ಎಂಟು ಬಾದಾಮಿಯೋ, ಕೈಯಲ್ಲಿ ಹಿಡಿದ್ರೆ ಲೆಕ್ಕಕ್ಕೇ ಬರಲ್ಲ. ಶೇಕಡಾ ಹಾಕಿ ನೋಡಿದೆ: 17. ಎಪ್ಪತ್ತು ಕೆಜಿ ಇರೋ ನಾನು ಎರಡು ತಿಂಗಳಲ್ಲಿ ಹನ್ನೆರಡು ಕೆಜಿ ಇಳಿದಿದ್ರೆ ನಮ್ಮಮ್ಮ ಮುಂದಿನ ಫ್ಲೈಟ್ ಹತ್ತಿ ಬರ್ತಿದ್ಲು. ಶೇಕಡಾ ಹತ್ತು ಇಳಿದಾಗಲೇ ಡಾಕ್ಟರ ಹತ್ತಿರ ಹೋಗಬೇಕಿತ್ತು ಅಂತ ಆಮೇಲೆ ತಿಳೀತು. ಬಾಲ ಬೋಂಡ ಹೋಗಿ ಬೆಂಡೆಕಾಯಿ ಆಗಿತ್ತು.

ಹತ್ತಿರದ ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿ ಬೆಕ್ಕು ಮಾತ್ರ ನೋಡ್ತಾರಂತೆ. ಇಲ್ಲಿ ಸರೀಸೃಪಗಳನ್ನ ನೋಡೋ ಪಶುವೈದ್ಯರದ್ದೇ ಒಂದು ಸಂಘ ಇದೆ, ಅವರ ಪಟ್ಟಿಯಲ್ಲಿ ಹುಡುಕಿದಾಗ ನಲವತ್ತು ಮೈಲಿ ದೂರದಲ್ಲಿ ಒಬ್ಬರು ಸಿಕ್ಕಿದ್ರು. ಹೊರಗೆ ಮೈನಸ್ ಇಪ್ಪತ್ತು. ಒಂದು ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ, ಅದರ ಪಕ್ಕ ಡಬ್ಬಿಯಲ್ಲಿ ಬೋಂಡ. ಕಾರಿನ ಹೀಟರ್ ಪೂರ್ತಿ ಇಟ್ಟು, ನಾನು ಜಾಕೆಟ್ ಬಿಚ್ಚಿ ಬೆವರ್ತಾ ಡ್ರೈವ್ ಮಾಡಿದೆ.

ಡಾಕ್ಟರಮ್ಮ ಅರವತ್ತರ ಹತ್ತಿರದವರು. ಏನು ತಿನ್ನಿಸ್ತೀಯ ಅಂತ ಕೊನೆವರೆಗೂ ಕೇಳಲಿಲ್ಲ. ಹಿಕ್ಕೆ ಕೊನೇ ಸಲ ಯಾವಾಗ ಹಾಕಿದ? ಹೇಗಿತ್ತು? ಪೊರೆ ಪೂರ್ತಿ ಬಿಡ್ತಾನಾ, ಬೆರಳಲ್ಲಿ ಉಳಿದುಕೊಳ್ಳತ್ತಾ? ಕಣ್ಣು ಎರಡೂ ತೆರೀತಾನಾ? ತೊಟ್ಟಿಯಲ್ಲಿ ಬೇರೆ ಗೆಕೊ ಇದೆಯಾ? ಬಾಯಿ ಒಳಗೆ ನೋಡಿದ್ರು, ಹೊಟ್ಟೆ ಮುಟ್ಟಿದ್ರು, ದವಡೆ ಒತ್ತಿ ನೋಡಿದ್ರು (ಕ್ಯಾಲ್ಸಿಯಂ ಕಮ್ಮಿ ಆದ್ರೆ ದವಡೆ ರಬ್ಬರ್ ತರ ಆಗತ್ತಂತೆ).

ನನಗೆ ನಮ್ಮ ತಾತ ನೆನಪಾದ್ರು. ಅರಸೀಕೆರೆ ಹತ್ತಿರ ನಮ್ಮ ಊರು. ಹಸು ಮೇವು ಬಿಟ್ರೆ ತಾತ ಮೊದಲು ಗೊಟ್ಟ ಹುಡುಕ್ತಿರಲಿಲ್ಲ. ಕಿವಿ ಮುಟ್ಟಿ ತಣ್ಣಗಿದೆಯಾ ನೋಡೋರು. ಸಗಣಿ ನೋಡೋರು. ಮೆಲುಕು ಹಾಕ್ತಿದೆಯಾ ಅಂತ ಅರ್ಧ ಗಂಟೆ ಸುಮ್ಮನೆ ಎದುರಿಗೆ ಕುಕ್ಕರಗಾಲಲ್ಲಿ ಕೂತಿರೋರು. ಅವರ ಮೊಮ್ಮಗ ಇಂಜಿನಿಯರಿಂಗ್ ಓದಿ ಪ್ಲಾಸ್ಟಿಕ್ ಕಾರ್ಡ್ ಕತ್ತರಿಸಿದ.

ಕೊನೆಗೆ ಡಾಕ್ಟರಮ್ಮ ಕೇಳಿದ್ರು, "ಬಿಸಿ ಜಾಗದಲ್ಲಿ ನೆಲದ ಉಷ್ಣತೆ ಎಷ್ಟು?"

"33 ಡಿಗ್ರಿ" ಅಂದೆ, ಹೆಮ್ಮೆಯಿಂದ. ಥರ್ಮೋಸ್ಟಾಟ್ ಇದೆ, ಡಿಜಿಟಲ್ ಡಿಸ್‌ಪ್ಲೇ ಇದೆ, ದಿನಾ ನೋಡ್ತೀನಿ.

"ಆ 33 ಎಲ್ಲಿ ಅಳೆದಿದ್ದು?"

ನಾನು ಬಾಯಿ ತೆರೆದವನು ಹಾಗೇ ಮುಚ್ಚಿದೆ.

ಸ್ವಲ್ಪ ಟೆಕ್ನಿಕಲ್ ವಿಷಯ, ತಾಳ್ಮೆ ಇರಲಿ. ಹಲ್ಲಿಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟಲ್ಲ. ಹೊರಗಿನ ಬಿಸಿಯಲ್ಲೇ ಎಲ್ಲಾ ನಡೀಬೇಕು. ಓಡೋದು, ರೋಗದ ವಿರುದ್ಧ ಹೋರಾಡೋದು, ಮುಖ್ಯವಾಗಿ ಅರಗಿಸಿಕೊಳ್ಳೋದು. ಲೆಪರ್ಡ್ ಗೆಕೊಗೆ ಒಂದು ಕಡೆ ನೆಲ 31ರಿಂದ 33 ಡಿಗ್ರಿ ಇರಬೇಕು, ಇನ್ನೊಂದು ಕಡೆ 24-25. ಬಿಸಿ ಬೇಕಾದಾಗ ಅಲ್ಲಿ, ಬೇಡವಾದಾಗ ಇಲ್ಲಿ, ಅವನೇ ನಿರ್ಧಾರ ಮಾಡ್ತಾನೆ. ಬಿಸಿ ಸಾಲದೇ ಹೋದ್ರೆ ಹೊಟ್ಟೆಗೆ ಹೋದ ಹುಳ ಅರಗಲ್ಲ, ಅಲ್ಲೇ ಕೊಳೆಯತ್ತೆ. ಹಾಗಾಗಿ ತಣ್ಣಗಿರೋ ಗೆಕೊ ಹಸಿವನ್ನೇ ಬಿಟ್ಟುಬಿಡತ್ತೆ. ಅದು ಹಠ ಅಲ್ಲ, ಬುದ್ಧಿವಂತಿಕೆ. ಈ ಪ್ರಾಣಿಗೆ ಉಷ್ಣತೆ ಎಷ್ಟು ಮುಖ್ಯ ಅಂದ್ರೆ, ಮರಿ ಗಂಡೋ ಹೆಣ್ಣೋ ಅನ್ನೋದನ್ನ ಮೊಟ್ಟೆ ಇರೋ ಜಾಗದ ಬಿಸಿಯೇ ತೀರ್ಮಾನಿಸತ್ತೆ. 26 ಡಿಗ್ರಿ ಆಸುಪಾಸಲ್ಲಿ ಹೆಚ್ಚುಕಮ್ಮಿ ಎಲ್ಲಾ ಹೆಣ್ಣು, 32ರ ಆಸುಪಾಸಲ್ಲಿ ಬಹುಪಾಲು ಗಂಡು.

ಈಗ ನನ್ನ ತೊಟ್ಟಿ. ಹೀಟ್ ಮ್ಯಾಟ್ ಗಾಜಿನ ತಳದ ಕೆಳಗೆ ಅಂಟಿದೆ. ಥರ್ಮೋಸ್ಟಾಟ್‌ನ ಪ್ರೋಬ್ ಆ ಮ್ಯಾಟಿಗೇ ಅಂಟಿದೆ. ಮ್ಯಾಟ್ 33 ಆದ ತಕ್ಷಣ ಪ್ರೋಬ್ "ಆಯ್ತು, ಸಾಕು" ಅಂತ ಆಫ್ ಮಾಡತ್ತೆ. ಟೈಲ್ಸ್ ಇದ್ದಾಗ ಆ ಬಿಸಿ ನೇರವಾಗಿ ಮೇಲೆ ಬರ್ತಿತ್ತು. ನಾನು ನಡುವೆ ಮೂರಿಂಚು ಮರಳು ಹಾಕಿದ್ದೀನಿ! ಅಕ್ಟೋಬರ್‌ನಲ್ಲಿ ಕೋಣೆಯೇ ಬೆಚ್ಚಗಿತ್ತು, ನಡೀತು. ನವೆಂಬರ್‌ನಲ್ಲಿ ಕರೆಂಟ್ ಬಿಲ್ ಉಳಿಸೋಕೆ ಅಂತ ಮನೆ ಹೀಟರ್ 66 ಫ್ಯಾರನ್‌ಹೀಟ್‌ಗೆ ಇಳಿಸಿದೆ, ಅಂದ್ರೆ 19 ಡಿಗ್ರಿ. ಮನೆಗೆ ಬರುವಾಗ ದಾರಿಯಲ್ಲೇ ಇಪ್ಪತ್ತು ಡಾಲರಿನ ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಗನ್ ತಗೊಂಡೆ. ಗುಹೆಯೊಳಗೆ ಬೋಂಡ ದಿನಾ ಮಲಗೋ ಜಾಗಕ್ಕೆ ಗುರಿ ಇಟ್ಟು ಒತ್ತಿದೆ. 23. ಗಾಜಿಗೆ ಅಂಟಿಸಿದ್ದ ದುಂಡು ಮೀಟರ್‌ನ ಮುಳ್ಳು ಆಗಲೂ ಹಸಿರು ಪಟ್ಟಿಯಲ್ಲೇ ನಿಂತಿತ್ತು. ಕೈಯಿಂದ ಮರಳು ತೋಡಿದೆ. ತಳ ಮುಟ್ಟಿದಾಗ ಬಿಸಿ ತಾಕಿತು.

ಆಫೀಸಲ್ಲಿ ಇದನ್ನ ಎಷ್ಟು ಸಲ ನೋಡಿದ್ದೀನಿ! ಸೈಟ್ ಬಿದ್ದು ಗ್ರಾಹಕರು ಬೈತಿರ್ತಾರೆ, ನಮ್ಮ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಯಾಕಂದ್ರೆ ಅಳೀತಿರೋದು ಸರ್ವರನ್ನ, ಉಪಯೋಗಿಸೋನ ಹತ್ತಿರ ತಲುಪಿತಾ ಅನ್ನೋದನ್ನಲ್ಲ. ಬೇರೆಯವರ ಟೀಮಿಗೆ ಈ ವಿಷಯದಲ್ಲಿ ಅರ್ಧ ಗಂಟೆ ಭಾಷಣ ಮಾಡಿದ್ದೀನಿ ನಾನು. ಮನೇಲಿ ಎರಡು ತಿಂಗಳು 33 ಅನ್ನೋ ಕೆಂಪಂಕಿ ನೋಡಿಕೊಂಡು ಮಲಗಿದ್ದೀನಿ.

ಮರಳಿನದ್ದೇ ತಪ್ಪು ಅಂತ ಹೇಳ್ತಿಲ್ಲ. ಮರಳು ಮಣ್ಣಿನ ದಪ್ಪ ಹಾಸು ಹಾಕಿ, ಮೇಲಿಂದ ಬಲ್ಬ್‌ನಲ್ಲಿ ಬಿಸಿ ಕೊಟ್ಟು ತುಂಬಾ ಚೆನ್ನಾಗಿ ಸಾಕೋರಿದ್ದಾರೆ. ಬಿಸಿಲು ಮೇಲಿಂದ ತಾನೆ ಬರೋದು. ಕೆಳಗೆ ಮ್ಯಾಟ್ ಇಟ್ಟು ಮೇಲೆ ಕಂಬಳಿ ಹೊದಿಸಿದ್ದು ನನ್ನ ತಪ್ಪು. ಚೆಂದ ಮಾಡೋಕೆ ಹೋಗಿ ಕೆಡಿಸಿದೆ, ಕೆಡಿಸಿದ ಮೇಲೆ ಊಟ ಸರಿಯಿಲ್ಲ ಅಂದುಕೊಂಡೆ.

ಆದ್ರೆ ಬಿಸಿ ಒಂದೇ ಕಾರಣ ಅಂತ ಡಾಕ್ಟರಮ್ಮ ಅಲ್ಲಿಗೆ ಬಿಡಲಿಲ್ಲ. ಎಕ್ಸ್‌ರೇ ತೆಗೆದ್ರು, ಹೊಟ್ಟೆಯಲ್ಲಿ ಸ್ವಲ್ಪ ಮರಳಿತ್ತು, ಕಟ್ಟಿಕೊಂಡಿರಲಿಲ್ಲ. ಹಿಕ್ಕೆ ಪರೀಕ್ಷೆಯಲ್ಲಿ ಪಿನ್‌ವರ್ಮ್ ಸಿಕ್ತು, ಅದಕ್ಕೆ ಔಷಧಿ ಕೊಟ್ರು. ಇನ್ನೊಂದು ಪರೀಕ್ಷೆಗೆ ಲ್ಯಾಬಿಗೆ ಕಳಿಸ್ತೀನಿ ಅಂದಾಗ ಅವರ ದನಿ ಸ್ವಲ್ಪ ಬದಲಾಯ್ತು. ಕ್ರಿಪ್ಟೋಸ್ಪೊರಿಡಿಯಂ. (ನಮ್ಮ ಹುಡುಗರು ಕ್ರಿಪ್ಟೋ ಅಂದ್ರೆ ಬೇರೇನೋ ಅಂದುಕೊಳ್ತಾರೆ.. ಅದರಲ್ಲೂ ಕೈ ಸುಟ್ಟುಕೊಂಡಿದ್ದೀನಿ, ಅದು ಬೇರೆ ಕಥೆ.) ಕರುಳಲ್ಲಿ ಸೇರಿಕೊಳ್ಳೋ ಒಂದು ಪರಾವಲಂಬಿ. ಗೆಕೊ ಇಳೀತಾ ಇಳೀತಾ ಬಾಲ ಕಡ್ಡಿ ಆಗಿಬಿಡತ್ತೆ. ಒಂದರಿಂದ ಇನ್ನೊಂದಕ್ಕೆ ಹರಡತ್ತೆ, ಮನೇಲಿರೋ ಮಾಮೂಲಿ ಬ್ಲೀಚ್‌ಗೂ ಸಾಯಲ್ಲ, ಖಂಡಿತ ವಾಸಿ ಮಾಡೋ ಔಷಧಿ ಇಲ್ಲ. "ಬಂದಿದ್ರೆ?" ಅಂದೆ. "ಬಂದಿದ್ರೆ ನಾವಿಬ್ಬರೂ ಕೂತು ಮಾತಾಡಬೇಕಾಗತ್ತೆ" ಅಂದ್ರು. ಆ ಮಾತಿನ ಅರ್ಥ ನನಗೆ ಕಾರಿನಲ್ಲಿ ಕೂತ ಮೇಲೆ ಆಯ್ತು.

ರಿಪೋರ್ಟ್ ಬರೋಕೆ ಆರು ದಿನ. ಆ ಆರು ದಿನಗಳ ನಡುವೆ ಇಲ್ಲಿನ ಕನ್ನಡದವರ ಸಂಕ್ರಾಂತಿ ಊಟ ಇತ್ತು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಯಾಕೋ ಸಪ್ಪಗಿದ್ದೀಯ ಅಂತ ಕೇಳಿದವರಿಗೆ ಬಾಯಿಬಿಟ್ಟೆ. ಎಕ್ಸ್‌ರೇ, ಲ್ಯಾಬು, ಔಷಧಿ ಎಲ್ಲಾ ಸೇರಿ 412 ಡಾಲರ್ ಆಗಿತ್ತು. ಬೋಂಡನ್ನ ರೂಮ್‌ಮೇಟ್ ತಂದಿದ್ದು ನಲವತ್ತಕ್ಕೆ. ಒಬ್ಬರು ಅಂಕಲ್, ನಿಜವಾಗಿ ಒಳ್ಳೆಯವರು, ನನ್ನ ಬೆನ್ನು ತಟ್ಟಿ "ಆ ದುಡ್ಡಲ್ಲಿ ಹತ್ತು ಹಲ್ಲಿ ಬರತ್ತಲ್ಲಪ್ಪ, ಬುದ್ಧಿ ಬೇಡ್ವಾ" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರಿಗೆ ಆವತ್ತು ಹೇಳಬೇಕಿತ್ತು ಅನ್ನಿಸಿದ್ದನ್ನ ಇಲ್ಲಿ ಹೇಳ್ತೀನಿ. ಅಂಕಲ್, ಹತ್ತು ಹಲ್ಲಿ ತಂದ್ರೂ ಅದೇ ತೊಟ್ಟಿಗೆ ತಾನೆ ಬಿಡ್ತಿದ್ದಿದ್ದು? ಅದೇ 23 ಡಿಗ್ರಿಗೆ? ಹತ್ತೂ ಒಂದಾದ ಮೇಲೆ ಒಂದು ಊಟ ಬಿಡ್ತಿದ್ವು, ಹನ್ನೊಂದನೇದಕ್ಕೂ ನಾನು ಮೆನು ಬದಲಾಯಿಸ್ತಿದ್ದೆ. ನಲವತ್ತು ಅನ್ನೋದು ಅಂಗಡಿಯವನ ಬೆಲೆ. ಅವನಿಗೆ ಕಾಯಿಲೆ ತರಿಸಿದ್ದು ನಾನು, ಹಾಗಾಗಿ ಬಿಲ್ಲೂ ನಂದೇ. ಹೌದು, ನನಗೆ ಐಟಿ ಸಂಬಳ ಇದೆ, ಕೊಟ್ಟೆ. ಎಲ್ಲರಿಗೂ ಆಗಲ್ಲ, ಒಪ್ಪಿಕೊಳ್ತೀನಿ. ಆದ್ರೆ ವಾರಕ್ಕೊಂದು ಸಲ ತೂಗೋದಕ್ಕೆ ದುಡ್ಡು ಬೇಡ. ನೆಲದ ಬಿಸಿ ಅಳೆಯೋಕೆ ಇಪ್ಪತ್ತು ಡಾಲರ್ ಸಾಕು. ಡಿಸೆಂಬರ್‌ನಲ್ಲೇ ಅಷ್ಟು ಮಾಡಿದ್ರೆ 412ರಲ್ಲಿ ಮುಕ್ಕಾಲು ಉಳೀತಿತ್ತು.

ಇನ್ನೊಂದು ಸಿಟ್ಟು ಈ "ಬಿಗಿನರ್ ಪೆಟ್" ಅನ್ನೋ ಮಾತಿನ ಮೇಲೆ. ಯಾರಿಗೆ ಸುಲಭ? ನಾಯಿಗೆ ಹುಷಾರಿಲ್ಲ ಅಂದ್ರೆ ಬಾಗಿಲ ಹತ್ತಿರ ಬಂದು ಮುಖ ನೋಡತ್ತೆ, ಕುಂಯ್ ಅನ್ನತ್ತೆ. ಗೆಕೊ ನೋವನ್ನ ಬಚ್ಚಿಡತ್ತೆ. ಕಾಡಲ್ಲಿ ನೋವು ತೋರಿಸಿದ ಹಲ್ಲಿ ಉಳಿಯಲ್ಲ. ಅದು ಒಂದೇ ಒಂದು ರೀತಿಯಲ್ಲಿ ದೂರು ಕೊಡತ್ತೆ: ತಿನ್ನಲ್ಲ. ಆ ಒಂದು ದೂರಿನ ಹಿಂದೆ ಚಳಿ ಇರಬಹುದು, ಹೊಟ್ಟೆಹುಳ ಇರಬಹುದು, ಬಾಯಿಹುಣ್ಣು, ಮೂಳೆ ರೋಗ, ಹೆಣ್ಣಾದ್ರೆ ಹೊರಬರದ ಮೊಟ್ಟೆ, ಏನು ಬೇಕಾದ್ರೂ ಇರಬಹುದು. ಅದರ ಬಾಯಿಗೆ ಹುಳ ತುರುಕೋದು ಅಂದ್ರೆ ದೂರು ಕೊಡೋಕೆ ಬಂದವನ ಬಾಯಿಗೆ ಲಾಡು ತುರುಕಿದ ಹಾಗೆ. ಹೇಳೋಕೇ ಬಿಡ್ತಿಲ್ಲ ನಾವು. ಇದು ಹರಿಕಾರರ ಪ್ರಾಣಿ ಅಲ್ಲ, ಗಮನ ಇಟ್ಟು ನೋಡೋರ ಪ್ರಾಣಿ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಬೇಕು. ಹಾಕಿದ್ರೆ ವ್ಯಾಪಾರ ಆಗಲ್ಲ ಅನ್ನೋದು ಬೇರೆ.

ಆರನೇ ದಿನ ಸಂಜೆ ಮೀಟಿಂಗ್‌ನಲ್ಲಿದ್ದಾಗ ಫೋನ್ ಬಂತು. ಇಲ್ಲ. ಕ್ರಿಪ್ಟೋ ಇಲ್ಲ. (ಅದು ಹಿಕ್ಕೆಯಲ್ಲಿ ಒಂದೊಂದು ಸಲ ಕಾಣಿಸಿಕೊಳ್ಳಲ್ಲ, ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸು ಅಂದ್ರು. ಮಾಡಿಸಿದೆ. ಆಗಲೂ ಇರಲಿಲ್ಲ.) ಮ್ಯೂಟ್‌ನಲ್ಲಿದ್ದೀನಿ ಅಂದುಕೊಂಡು "ಅಬ್ಬಾ" ಅಂದೆ. ಮ್ಯೂಟ್‌ನಲ್ಲಿರಲಿಲ್ಲ :-)

ಊಟದ ವಿಷಯ ಹೇಗೆ ಸರಿಹೋಯ್ತು ಅಂತ ಬರೆಯಬೇಕು. ಯಾರಿಗಾದ್ರೂ ಉಪಯೋಗಕ್ಕೆ ಬಂದೀತು. ಡಾಕ್ಟರಮ್ಮ ಹೇಳಿದ ಕ್ರಮ ಇದು: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಊಟ. ಅವನ ಮೈಯಲ್ಲಿ ನೀರೂ ಆರಿತ್ತು, ಕಣ್ಣು ಒಳಗೆ ಹೋಗಿತ್ತು, ಚರ್ಮ ಸುಕ್ಕಾಗಿತ್ತು. ಅಲ್ಲೇ ಚರ್ಮದ ಕೆಳಗೆ ದ್ರವ ಕೊಟ್ರು. ಮನೇಲಿ ಟೈಲ್ಸ್ ವಾಪಸ್ ಬಂತು, ಗುಹೆಯ ನೆಲ 32ಕ್ಕೆ ಬಂತು, ಗನ್ ಹಿಡಿದು ಬೆಳಿಗ್ಗೆ ಸಂಜೆ ನೋಡಿದೆ. ಮೂರು ದಿನ ಹುಳದ ಡಬ್ಬಿ ತೆಗೀಲೇಬಾರದು ಅಂದಿದ್ರು. ಹಸಿದಿರೋನ ಎದುರು ಊಟ ತೆಗೀಬೇಡ ಅನ್ನೋದು ಎಷ್ಟು ಕಷ್ಟ ಗೊತ್ತಾ! ಆದ್ರೆ ತುಂಬಾ ದಿನ ಉಪವಾಸ ಇದ್ದ ಮೈಗೆ ಒಮ್ಮೆಗೇ ಊಟ ಬಿದ್ರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಕುತ್ತು ಬರತ್ತಂತೆ. ಮನುಷ್ಯರಲ್ಲೂ ಹಾಗೇ. 1945ರಲ್ಲಿ ನಾಜಿ ಸೆರೆಶಿಬಿರಗಳಿಂದ ಬಿಡುಗಡೆ ಆದವರಿಗೆ ಸೈನಿಕರು ಕರುಣೆಯಿಂದ ಹೊಟ್ಟೆತುಂಬಾ ಕೊಟ್ಟು, ಅದರಿಂದಲೇ ಎಷ್ಟೋ ಜನ ಸತ್ತರು.

ನಾಲ್ಕನೇ ದಿನದಿಂದ ಒಂದು ಪುಡಿ, ಮಾಂಸಾಹಾರಿ ಪ್ರಾಣಿಗಳಿಗೆ ಅಂತಲೇ ಮಾಡಿರೋದು. ನೀರಲ್ಲಿ ಗಂಜಿ ತರ ಕಲಸಿ ಸೂಜಿ ಇಲ್ಲದ ಸಿರಿಂಜಿನಲ್ಲಿ ಒಂದು ಹನಿ ಮೂತಿಯ ಮೇಲೆ ಇಡೋದು. ಅಷ್ಟೆ. ಬಾಯಿ ತೆರೆಸೋದು ಇಲ್ಲ. ಅವನೇ ನೆಕ್ಕಿದ್ರೆ ಇನ್ನೊಂದು ಹನಿ, ನೆಕ್ಕದಿದ್ರೆ ಆವತ್ತಿಗೆ ಮುಗೀತು. ಒಂದು ಮಿಲಿಲೀಟರ್ ಕೂಡ ಒಂದು ಹೊತ್ತಿಗೆ ಮುಗೀತಿರಲಿಲ್ಲ. ಮೊದಲ ದಿನ ಹನಿ ಮೂತಿ ಮೇಲೇ ಒಣಗಿತು. ಎರಡನೇ ದಿನ ನಾಲಿಗೆ ಹೊರಗೆ ಬಂತು, ಕಣ್ಣು ಮುಚ್ಚಿಕೊಂಡು ಮೂತಿ ಒರೆಸಿಕೊಂಡ. ನಾನು ಉಸಿರು ಬಿಗಿಹಿಡಿದು ಇನ್ನೊಂದು ಹನಿ ಇಟ್ಟೆ.

ಹನ್ನೊಂದನೇ ರಾತ್ರಿ ಒಂದೇ ಒಂದು ಮೀಲ್‌ವರ್ಮ್ ತಟ್ಟೆಯಲ್ಲಿಟ್ಟು ದೂರ ಕೂತೆ. ಬೋಂಡ ಗುಹೆಯಿಂದ ತಲೆ ಹೊರಗೆ ಹಾಕಿದ. ನೋಡಿದ. ಮುಂಗಾಲು ಎತ್ತಿ ಹಾಗೇ ನಿಂತ. ಆಮೇಲೆ ಬಾಲದ ತುದಿ ಅಲ್ಲಾಡೋಕೆ ಶುರುವಾಯ್ತು, ಬೇಟೆಗೆ ಮುಂಚೆ ಮಾಡ್ತಾರೆ ಹಾಗೆ. ನವೆಂಬರ್‌ನಿಂದ ನಾನು ಅದನ್ನ ನೋಡಿರಲಿಲ್ಲ. ಟಕ್ ಅಂತ ಒಂದು ಸದ್ದು.

ಬೆಂಗಳೂರಲ್ಲಿ.. ಅಲ್ಲ ಅರಸೀಕೆರೆಯಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಅಮ್ಮನಿಗೆ ಫೋನ್ ಮಾಡಿದೆ. "ತಿಂದ್ನಾ?" ಅಂದಳು. ಅವಳ ಬಾಯಲ್ಲೂ "ಅವನು" ಬಂದಿತ್ತು. "ಇನ್ನೊಂದು ಹಾಕೋ" ಅಂದಳು.

ಹಾಕಲಿಲ್ಲ.

ಹೋದ ಭಾನುವಾರ 61 ಗ್ರಾಂ ಇದ್ದ. ಸ್ಪ್ರೆಡ್‌ಶೀಟಲ್ಲಿ ಈಗ ಎರಡು ಕಾಲಂ ಜಾಸ್ತಿ ಮಾಡಿದ್ದೀನಿ, ನೆಲದ ಬಿಸಿ ಒಂದು, ಹಿಕ್ಕೆ ಒಂದು. ನಿನ್ನೆ ರಾತ್ರಿ ನಾಲ್ಕು ಹುಳ ಇಟ್ಟಿದ್ದೆ. ಮೂರು ತಿಂದು ನಾಲ್ಕನೇದನ್ನ ಒಂದು ನಿಮಿಷ ದಿಟ್ಟಿಸಿ ನೋಡಿ, ಗುಹೆಗೆ ಹೋಗಿ ಮಲಗಿದ. ಆ ಹುಳ ಎತ್ತಿ ಡಬ್ಬಿಗೆ ವಾಪಸ್ ಹಾಕಿ ನಾನೂ ಮಲಗಿದೆ.